ಹಿರಿಯ ಅಳಿಯನ ಟರ್ಬೋ

"ಈ ಸಲ ನಿಮ್ಮಪ್ಪ ನನ್ನ ಕಾರಿನಲ್ಲೇ ಕೂರ್ತಾರೆ. ಇಳಿಯೋಕೆ ಮನಸ್ಸೇ ಬರಬಾರದು, ಹಾಗೆ ಕೂರಿಸ್ತೀನಿ ನೋಡ್ತಿರು," ಎಂದು ಹೃಷಿಕೇಶ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ.

ವಿಂಧ್ಯಾ ಸೌಟು ಕೆಳಗಿಡದೆ ಕೇಳಿದಳು, "ಕೂರೋದೇನೋ ಸರಿ. ಕಾರು ಹೊರಡುತ್ತಾ?"

ಹೆಂಡತಿಯ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಹೃಷಿಕೇಶ ಬಹಳ ಹಿಂದೆಯೇ ಬಿಟ್ಟಿದ್ದ. ಮೈಸೂರಿನಿಂದ ವಡೋದರಾಕ್ಕೆ ವರ್ಗವಾಗಿ ಬಂದ ವಿಮಾ ಅಧಿಕಾರಿ ಅವನು. ಈ ಪ್ರಸಂಗವನ್ನು ಗೆಳೆಯರ ನಡುವೆ ಅವನೇ ಹೇಳುತ್ತಿದ್ದ, ತನ್ನನ್ನು ತಾನೇ ಗೇಲಿ ಮಾಡಿಕೊಂಡು, ಎಲ್ಲರ ದನಿಯನ್ನೂ ಅನುಕರಿಸಿ. ಹೋದ ವರ್ಷದಿಂದ ಅವನಿಲ್ಲ. ಅವನ ಬಾಯಲ್ಲಿ ಕೇಳಿದವರಿಗೆ ಇದು ಸಪ್ಪೆ ಎನಿಸಬಹುದು. ಆದರೂ ಕಥೆಯೂ ಅವನ ಜೊತೆಗೇ ಹೋಗಿಬಿಡುವುದು ಬೇಡ.

ಎಲ್ಲಕ್ಕೂ ಮೂಲ ಒಂದು ಫೋಟೋ. ತುಮಕೂರಿನ ಮಾವನ ಮನೆಯಲ್ಲಿ ಟೀವಿಯ ಮೇಲೆ ಹೃಷಿಕೇಶ ಮತ್ತು ವಿಂಧ್ಯಾರ ಮದುವೆ ಫೋಟೋ ಎಂಟು ವರ್ಷ ರಾಜ್ಯಭಾರ ಮಾಡಿತ್ತು. ಒಂದು ಬೇಸಿಗೆಯಲ್ಲಿ ಹೋಗಿ ನೋಡಿದರೆ ಅದು ಹಿಂದಕ್ಕೆ ಸರಿದಿದೆ. ಮುಂದೆ ಹೊಸ ಫೋಟೋ: ಒಂದು ಬಿಳಿಯ ಕಾರು, ಅದರ ಬಾನೆಟ್ಟಿನ ಮೇಲೆ ಸಾಕಿದ ಹಸುವಿನ ಬೆನ್ನು ಸವರುವಂತೆ ಕೈಯಿಟ್ಟು ನಿಂತ ಮಾವ ಸುಬ್ಬರಾಯರು, ಪಕ್ಕದಲ್ಲಿ ನಗುತ್ತಿರುವ ಹರೀಶ್. ಹರೀಶ್ ಅಂದರೆ ವಿಂಧ್ಯಾಳ ತಂಗಿ ಮೇಘನಾಳ ಗಂಡ, ಹೃಷಿಕೇಶನ ಷಡ್ಡಕ. ಸೂರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಮ್ಯಾನೇಜರು. ಕಾರು ಹೊಚ್ಚಹೊಸ ಡೀಸೆಲ್ಲಿನದು.

ಅತ್ತೆ ತೀರಿಕೊಂಡ ಮೇಲೆ ಮಾವ ವರ್ಷಕ್ಕೊಮ್ಮೆ ಗುಜರಾತಿಗೆ ಬಂದು ಹೆಣ್ಣುಮಕ್ಕಳ ಮನೆಗಳಲ್ಲಿ ತಿಂಗಳೊಪ್ಪತ್ತು ಇರುತ್ತಿದ್ದರು. ಎಲ್ಲಿಗೆ ಹೊರಟರೂ ಅವರ ಕಾಲು ತಾನಾಗಿ ಹರೀಶನ ಕಾರಿನತ್ತ ನಡೆಯುತ್ತಿತ್ತು. "ಲೀಟರಿಗೆ ಹದಿನೆಂಟು ಕೊಡುತ್ತಂತೆ," ಎಂದು ಅವರು ಹೇಳುವಾಗ ದನಿಯಲ್ಲಿ ಭಕ್ತಿ ತುಂಬಿರುತ್ತಿತ್ತು. ಹಿರಿಯ ಅಳಿಯ ಹೃಷಿಕೇಶ ತನ್ನ ಸಣ್ಣ ಕಾರಿನಲ್ಲಿ ಸಾಮಾನು ತುಂಬಿಕೊಂಡು ಹಿಂದೆ ಬರುತ್ತಿದ್ದ. ಹೊಟ್ಟೆಯೊಳಗೆ ಕಿಚ್ಚು ಉರಿಯುತ್ತಿತ್ತು. ಅದಕ್ಕೆ ಎಷ್ಟು ಲೀಟರ್ ಎಂದು ಯಾರೂ ಕೇಳಲಿಲ್ಲ.

ಇನ್ನೊಬ್ಬನಾಗಿದ್ದರೆ ಅಂಥದೇ ಒಂದು ಹೊಸ ಕಾರು ಕೊಂಡು ಸಮಾಧಾನ ಪಡುತ್ತಿದ್ದ. ಹೃಷಿಕೇಶನಿಗೆ ಹರೀಶನ ಸಮಕ್ಕೆ ಬರುವುದು ಬೇಕಿರಲಿಲ್ಲ, ಅವನನ್ನು ಧೂಳಿನಲ್ಲಿ ಬಿಟ್ಟುಹೋಗುವುದು ಬೇಕಿತ್ತು. ಆಣಂದ್‌ನ ಪಟೇಲರೊಬ್ಬರು ನೈರೋಬಿಯಿಂದ ವಾಪಸಾಗುವಾಗ ಹಡಗಿನಲ್ಲಿ ತಂದಿದ್ದ ಹದಿನಾಲ್ಕು ವರ್ಷ ಹಳೆಯ ಯುರೋಪಿನ ಕಾರೊಂದು ಅವರ ಹಿತ್ತಲಲ್ಲಿ ನಿಂತಿತ್ತು. ಬಣ್ಣ ಕಡುಗಪ್ಪು. ಬೆನ್ನಿನ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ 'ಟರ್ಬೋ' ಎಂಬ ಬಿರುದು. ಪಟೇಲರು ಒಮ್ಮೆ ಓಡಿಸಿ ತೋರಿಸಿದಾಗ ಹೃಷಿಕೇಶನ ಬೆನ್ನು ಸೀಟಿಗೆ ಅಂಟಿಕೊಂಡಿತು. ಅವನು ಆ ಕ್ಷಣವೇ ಹರೀಶನ ಮುಖ ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಗುವುದನ್ನು ಕಂಡ. ವ್ಯಾಪಾರ ಮುಗಿಯಿತು.

ಆಮೇಲಿನ ಒಂದು ವರ್ಷ ಆ ಕಾರು ಹೃಷಿಕೇಶನಿಗೆ ಸೇರಿದ್ದೋ, ಅವನು ಕಾರಿಗೆ ಸೇರಿದ್ದೋ ಹೇಳುವುದು ಕಷ್ಟ. ಇಳಿದ ಕಿಟಕಿ ಏರುತ್ತಿರಲಿಲ್ಲ. ರಬ್ಬರ್ ಪೈಪುಗಳು ಒಂದಾದ ಮೇಲೊಂದು ಸರದಿಯ ಪ್ರಕಾರ ಬಿರುಕು ಬಿಡುತ್ತಿದ್ದವು. ಬಿಡಿಭಾಗ ಬೇಕೆಂದರೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಪಟೇಲರ ಬಂಧುಗಳು ಯಾರಾದರೂ ಮದುವೆಗೆ ಊರಿಗೆ ಬರಬೇಕು, ಅವರ ಸೂಟ್‌ಕೇಸಿನಲ್ಲಿ ಸ್ವೆಟರಿನೊಳಗೆ ಸುತ್ತಿ ತರಬೇಕು. ಡಿಸೆಂಬರಿನ ಮದುವೆ ಸೀಸನ್ನಿಗಾಗಿ ವಧುವಿನ ಅಪ್ಪನಿಗಿಂತ ಹೆಚ್ಚು ಆತಂಕದಿಂದ ಕಾಯುತ್ತಿದ್ದವನು ಹೃಷಿಕೇಶ.

"ಯಾರ ಮದುವೆ ರೀ, ಇಷ್ಟು ಸಂಭ್ರಮ?" ಎಂದು ವಿಂಧ್ಯಾ ಕೇಳಿದರೆ, "ನೀರಿನ ಪಂಪಿಂದು," ಎನ್ನುತ್ತಿದ್ದ.

ಕಾರಿನ ವೈದ್ಯ ಫತೇಗಂಜ್‌ನ ಮನ್‌ಸುಖ್‌ಭಾಯ್. ಅವನು ಕಲಿಸಿದ ಪಾಠ ಒಂದೇ. ಇಂಜಿನ್ನಿನ ಹೊಗೆ ಹೊರಗೆ ಹೋಗುತ್ತ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೆ ಇನ್ನಷ್ಟು ಗಾಳಿ ಊದುತ್ತದೆ, ಅದೇ ಟರ್ಬೋ. ಜೋರಾಗಿ ಓಡಿಸಿದ ಮೇಲೆ ಚಕ್ರ ಕಾದು ಕೆಂಡವಾಗಿರುತ್ತದೆ. ಅದನ್ನು ತಣಿಸುವುದು ಹರಿಯುವ ಆಯಿಲ್. ತಟ್ಟನೆ ಇಂಜಿನ್ ನಿಲ್ಲಿಸಿದರೆ ಆಯಿಲೂ ನಿಂತು ಅಲ್ಲೇ ಸುಟ್ಟು ಕರಕಾಗುತ್ತದೆ.

"ಓಡಿ ಬಂದ ಕುದುರೇನ ಹಾಗೇ ಕಟ್ಟಿಹಾಕ್ತಾರಾ ಸಾಹೇಬ್? ನಿಲ್ಲಿಸಿದ ಮೇಲೆ ದೋ ಮಿನಿಟ್ ಇಂಜಿನ್ ಸುಮ್ನೆ ಓಡ್ಲಿ, ಆಮೇಲೆ ಆಫ್. ಇದು ಮುದುಕ ಕುದುರೆ. ಮರೆತರೆ ನಾನು ಜವಾಬ್ದಾರನಲ್ಲ," ಎಂದಿದ್ದ. ಅವನ ಹಿಂದಿಯನ್ನು ಹೃಷಿಕೇಶ ಕನ್ನಡಕ್ಕೆ ತಂದಿದ್ದು ಹೀಗೆ.

ಅಂದಿನಿಂದ ಹೃಷಿಕೇಶ ಪ್ರತಿ ಸಂಜೆ ಮನೆಯ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಓಡುತ್ತಿರುವಂತೆಯೇ ಎರಡು ನಿಮಿಷ ಒಳಗೆ ಕೂತಿರುತ್ತಿದ್ದ, ಸಂಧ್ಯಾವಂದನೆಗೆ ಕೂತವನ ಹಾಗೆ.

"ಮದುವೆಯಾಗಿ ಹತ್ತು ವರ್ಷವಾಯ್ತು. ನನ್ನ ಪಕ್ಕದಲ್ಲಿ ಹೀಗೆ ಎರಡು ನಿಮಿಷ ಬಾಯಿ ಮುಚ್ಕೊಂಡು ಕೂತಿದ್ದು ಉಂಟಾ?" ಎಂದು ವಿಂಧ್ಯಾ ಮಹಡಿಯಿಂದ ಕೇಳುತ್ತಿದ್ದಳು. ಆ ಮನೆಯಲ್ಲಿ ಹೊಟ್ಟೆಕಿಚ್ಚು ಅವನೊಬ್ಬನ ಸ್ವತ್ತಾಗಿರಲಿಲ್ಲ.

ಎರಡು ಸಾವಿರದ ನಾಲ್ಕರ ನವೆಂಬರಿನಲ್ಲಿ ಮಾವ ಬಂದರು. ಅಹಮದಾಬಾದಿನ ಕನ್ನಡ ಸಂಘದವರು ಬೋಡಕ್‌ದೇವ್‌ನ ಸಭಾಂಗಣವೊಂದರಲ್ಲಿ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಹರೀಶ್ ಮತ್ತು ಮೇಘನಾ ಸೂರತ್‌ನಿಂದ ಹಿಂದಿನ ಸಂಜೆಯೇ ಬಂದಿಳಿದರು. ವಡೋದರಾದಿಂದ ಅಹಮದಾಬಾದಿಗೆ ಹೊಸ ಎಕ್ಸ್‌ಪ್ರೆಸ್‌ವೇ ಆಗಷ್ಟೇ ಪೂರ್ತಿ ತೆರೆದಿತ್ತು. ಅಡ್ಡ ಬರುವ ಎಮ್ಮೆಯಿಲ್ಲ, ಎದುರು ಬರುವ ಸ್ಕೂಟರಿಲ್ಲ. ಸರ್ಕಾರ ಅದನ್ನು ತನ್ನ ಟರ್ಬೋಗಾಗಿಯೇ ಕಟ್ಟಿಸಿದೆ ಎಂದು ಹೃಷಿಕೇಶ ನಂಬಿದ್ದ.

ಮಾವನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಸುಬ್ಬರಾಯರು ವಿದ್ಯುತ್ ಮಂಡಳಿಯಲ್ಲಿ ಮೂವತ್ತೈದು ವರ್ಷ ಮೀಟರ್ ವಿಭಾಗದಲ್ಲಿದ್ದವರು. ಯಾವುದಾದರೂ ಯಂತ್ರ ಕೆಲಸವಿಲ್ಲದೆ ಓಡುತ್ತಿದ್ದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬಂದ ಮೊದಲ ದಿನವೇ ಖಾಲಿ ಕೋಣೆಯ ಫ್ಯಾನು, ಸ್ನಾನ ಮುಗಿಯದ ಮೊಮ್ಮಗಳ ಗೀಸರು ಎಲ್ಲ ಆರಿದವು. ಮಧ್ಯಾಹ್ನ ಫ್ರಿಜ್ಜೂ ಆರಿತು. "ಹಾಲು ತಣ್ಣಗಾಗಿದೆಯಲ್ಲಮ್ಮ. ಇನ್ನೂ ಯಾಕೆ ಓಡ್ಬೇಕು ಅದು?" ಎಂದರು ಮಗಳಿಗೆ.

ಹೃಷಿಕೇಶ ಇದನ್ನೆಲ್ಲ ಕಂಡು ನಕ್ಕಿದ್ದ. ಅವನ ಕಾರಿನಲ್ಲಿ ಕೀಲಿ ಹಾಕುವ ಜಾಗ ಎಲ್ಲ ಕಾರುಗಳಂತೆ ಸ್ಟೀರಿಂಗಿನ ಬಳಿ ಇಲ್ಲ, ಮುಂದಿನ ಎರಡು ಸೀಟುಗಳ ನಡುವೆ, ಗೇರಿನ ಹಿಂದೆ, ಪಕ್ಕದಲ್ಲಿ ಕೂತವರ ಬಲಗೈಗೆ ಸಲೀಸಾಗಿ ಎಟುಕುವಲ್ಲಿದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮಾವನ ಕಾಲು ಎಂದಿನಂತೆ ಬಿಳಿಯ ಕಾರಿನತ್ತ ಹೊರಟಿತು. ಹೃಷಿಕೇಶ ಅಡ್ಡ ಬಂದ. "ಮಾವ, ಅಕ್ಕತಂಗಿಯರು ಮಗೂನ ಕರ್ಕೊಂಡು ಆ ಕಾರಲ್ಲಿ ಬರಲಿ, ಮಾತಾಡ್ಕೋತಾರೆ. ನೀವು ನನ್ನ ಜೊತೆ ಬನ್ನಿ." ಬಾಗಿಲು ತೆಗೆದು ಹಿಡಿದ. ಸುಬ್ಬರಾಯರು ಬಿಳಿಯ ಕಾರನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಕೂತರು. ಹೃಷಿಕೇಶನಿಗೆ ನಿಟ್ಟುಸಿರು ಕೇಳಿಸಲಿಲ್ಲ. ಕೂತದ್ದು ಮಾತ್ರ ಕಂಡಿತು.

ಎಕ್ಸ್‌ಪ್ರೆಸ್‌ವೇ ಸೇರಿದ್ದೇ ಹೃಷಿಕೇಶ ಕಾಲೊತ್ತಿದ. ಟರ್ಬೋ ಸೀಟಿ ಹೊಡೆಯಿತು, ಮುದುಕ ಕುದುರೆ ಕೆನೆಯಿತು, ಹರೀಶನ ಬಿಳಿ ಕಾರು ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು, ಕನ್ನಡಿಯಲ್ಲಿ ಸಾಸಿವೆ ಕಾಳಾಯಿತು. ಒಂದು ವರ್ಷದ ಕನಸು ಅರ್ಧ ನಿಮಿಷದಲ್ಲಿ ನನಸಾಗಿತ್ತು. ಅವನು ಮಾವನ ಬಾಯಿಂದ ಬೀಳಲಿರುವ ಮುತ್ತಿಗಾಗಿ ಕಿವಿ ನೆಟ್ಟ.

"ಅಳಿಯಂದ್ರೇ," ಎಂದರು ಸುಬ್ಬರಾಯರು, ಮೀಟರುಗಳನ್ನೇ ದಿಟ್ಟಿಸುತ್ತ. "ಆ ಪೆಟ್ರೋಲಿನ ಮುಳ್ಳು ಹೊರಟಾಗ ಇಲ್ಲಿತ್ತು. ಈಗ ಅಲ್ಲಿದೆ."

ಟೋಲ್ ನಾಕೆಯಲ್ಲಿ ಮುಂದೆ ನಾಲ್ಕು ಕಾರು ನಿಂತಿದ್ದವು. ಹೃಷಿಕೇಶ ಚಿಲ್ಲರೆಗಾಗಿ ಜೇಬಿಗೆ ಕೈಹಾಕಿದ. ಪಕ್ಕದಲ್ಲಿ ಟಕ್ ಎಂದಿತು. ಇಂಜಿನ್ ನಿಂತಿತು.

"ನಿಂತಲ್ಲಿ ಯಾಕೆ ಓಡ್ಬೇಕು?" ಎಂದರು ಮಾವ, ಪ್ರಸನ್ನರಾಗಿ.

ಹೃಷಿಕೇಶನ ಎದೆಯೂ ಒಂದು ಕ್ಷಣ ಆಫ್ ಆಯಿತು. ಬೇರೆ ಯಾರೇ ಆಗಿದ್ದರೂ ಕೈ ಮೇಲೆ ಹೊಡೆಯುತ್ತಿದ್ದ. ಆದರೆ ಮಾವನಿಗೆ "ಮುಟ್ಟಬೇಡಿ" ಎಂದುಬಿಟ್ಟರೆ ಅವರು ಮುನಿಸಿಕೊಂಡು ಅಲ್ಲೇ ಇಳಿದು, ಹಿಂದೆ ಬರುತ್ತಿರುವ ಬಿಳಿಯ ಕಾರು ಹತ್ತಿಬಿಟ್ಟರೆ? ಹರೀಶ್ ನಗುತ್ತ ಬಾಗಿಲು ತೆಗೆಯುವ ದೃಶ್ಯ ಕಣ್ಣ ಮುಂದೆ ಬಂತು. ಅದಕ್ಕಿಂತ ಟರ್ಬೋ ಸುಟ್ಟರೂ ವಾಸಿ.

"ಅದು... ಮಾವ... ಈ ಕಾರಿನ ಕೀಲಿ ಸ್ವಲ್ಪ ಸೂಕ್ಷ್ಮ," ಎಂದ ಮೆಲ್ಲಗೆ, ಮತ್ತೆ ಇಂಜಿನ್ ಚಾಲೂ ಮಾಡುತ್ತ.

"ಹೌದಾ? ಗೊತ್ತಿರ್ಲಿಲ್ಲ," ಎಂದರು ಮಾವ. ಮುಂದಿನ ನಾಕೆಯಲ್ಲಿ ಅವರು ಎರಡೇ ಬೆರಳಲ್ಲಿ, ಹೂವು ಬಿಡಿಸುವಷ್ಟು ಸೂಕ್ಷ್ಮವಾಗಿ ಆಫ್ ಮಾಡಿದರು.

ಅಹಮದಾಬಾದಿನಲ್ಲಿ ಸಭಾಂಗಣದ ಮುಂದೆ ನಿಲ್ಲಿಸಿದಾಗ ಹೃಷಿಕೇಶ ಬುದ್ಧಿ ಓಡಿಸಿದ. ಎರಡು ನಿಮಿಷ ಕಳೆಯುವ ತನಕ ಕೀಲಿಯ ಮೇಲೆ ತನ್ನ ಎಡಗೈಯನ್ನೇ ಮುಚ್ಚಳದಂತೆ ಇಟ್ಟುಕೊಂಡು ಕೂತ. ಒಂದು ನಿಮಿಷ ಕಳೆಯಿತು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ, ಹೋಟೆಲ್ ನಡೆಸುವ ದಾಮೋದರ ಅವರು ಕಿಟಕಿಯ ಬಳಿ ಬಂದು, "ಓಹೋ, ಬನ್ನಿ ಮಾರಾಯ್ರೆ, ಎಂಥ ಕಾರು ಇದು," ಎಂದು ಎರಡೂ ಕೈ ಚಾಚಿದರು. ಹೊಗಳಿಕೆಗೆ ಹಸಿದಿದ್ದ ಹೃಷಿಕೇಶ ತಾನೂ ಎರಡೂ ಕೈ ಕೊಟ್ಟ.

ಟಕ್.

"ಮರ್ತುಬಿಡ್ತಿದ್ರಿ," ಎಂದು ಮಾವ ಕೀಲಿಯನ್ನು ಕಿತ್ತು ಅವನ ಜೇಬಿಗೇ ಹಾಕಿದರು. ಬಾನೆಟ್ಟಿನ ಕೆಳಗೆ ಏನೋ ಟಿಣ್ ಟಿಣ್ ಎನ್ನತೊಡಗಿತು. ನಾಡಗೀತೆ, ಭಾಷಣ, ಬಿಸಿಬೇಳೆಬಾತು ಎಲ್ಲದರ ನಡುವೆಯೂ ಹೃಷಿಕೇಶನ ಕಿವಿಯಲ್ಲಿ ಅದೇ ಟಿಣ್ ಟಿಣ್.

ಮೂರು ಗಂಟೆಗೆ ವಾಪಸ್ ಹೊರಟಾಗ ಸೀಟಿಯ ದನಿ ಬದಲಾಗಿತ್ತು. ಬೆಳಿಗ್ಗೆ ಕೊಳಲಿನಂತಿದ್ದದ್ದು ಈಗ ಕುಕ್ಕರಿನಂತಿತ್ತು. ನಿಧಾನವಾಗಿ ಹೋಗಿದ್ದರೆ ಹೇಗೋ ಮನೆ ಸೇರಬಹುದಿತ್ತು. ಹಾಗೆಂದು ಅವನೇ ಕೊನೆಯವರೆಗೂ ಹೇಳುತ್ತಿದ್ದ. ಆದರೆ ನಡಿಯಾದ್ ದಾಟಿದ ಮೇಲೆ ಹರೀಶ್ ಹಿಂದಿನಿಂದ ಬಂದು, ಮರ್ಯಾದೆಯಿಂದ ಒಂದು ಸಣ್ಣ ಹಾರನ್ ಹಾಕಿ, ಮುಂದೆ ಹೋದ. ಹೋಗುವಾಗ ಕೈ ಬೀಸಿದ. ಆ ಕೈ ಬೀಸುವಿಕೆಯಲ್ಲಿ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಅದೇ ಹೃಷಿಕೇಶನಿಗೆ ಸಹಿಸಲಾಗಲಿಲ್ಲ.

ಒತ್ತಿದ. ಕುಕ್ಕರ್ ಕಿರುಚಿತು, ಒಳಗೆ ಯಾರೋ ಪಾತ್ರೆಯ ಗೂಡನ್ನು ಉರುಳಿಸಿದಂತಾಯಿತು, ಹಿಂದಿನಿಂದ ನೀಲಿ ಹೊಗೆ ಎದ್ದು ರಸ್ತೆಯನ್ನೇ ಮುಚ್ಚಿತು. ಕಾರು ತೆವಳುತ್ತ ಅಂಚಿಗೆ ಬಂದು ನಿಂತಿತು. ಈ ಸಲ ಮಾವ ಏನನ್ನೂ ಆಫ್ ಮಾಡಬೇಕಾಗಲಿಲ್ಲ.

ಹರೀಶ್ ಕನ್ನಡಿಯಲ್ಲಿ ಹೊಗೆ ಕಂಡು ಹಿಂದಕ್ಕೆ ಬಂದ. ಗೇಲಿ ಮಾಡಲಿಲ್ಲ. ಮಾಡಿದ್ದರೆ ಬೈದಾದರೂ ಹಗುರಾಗಬಹುದಿತ್ತು. "ಯೋಚ್ನೆ ಮಾಡ್ಬೇಡಿ ಭಾವ, ಡಿಕ್ಕಿಯಲ್ಲಿ ಹಗ್ಗ ಇದೆ," ಎಂದ. ಹಗ್ಗ ಇರದೆ ಇರುತ್ತದೆಯೇ ಅವನ ಡಿಕ್ಕಿಯಲ್ಲಿ, ಎಂದುಕೊಂಡ ಹೃಷಿಕೇಶ. ಹಗ್ಗವೂ ಹೊಸದೇ.

"ಮಾವ, ನೀವು ಈ ಕಡೆ ಬನ್ನಿ, ಎಸಿ ಇದೆ," ಎಂದ ಹರೀಶ್. ಸುಬ್ಬರಾಯರು ಎರಡನೇ ಮಾತಿಲ್ಲದೆ ಎದ್ದು ಹೋಗಿ ಬಿಳಿಯ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ವಿಂಧ್ಯಾ ಮಾತ್ರ ಗಂಡನ ಕಿಟಕಿಯ ಬಳಿ ಬಂದು, "ರೀ, ನೀರು ಕುಡೀರಿ," ಎಂದು ಬಾಟಲಿ ಕೊಟ್ಟಳು. ಅವಳು ಏನೂ ಚುಚ್ಚಲಿಲ್ಲ ಎಂಬುದರಿಂದಲೇ ತನ್ನ ಮುಖ ಎಷ್ಟು ಕೆಟ್ಟಿರಬೇಕೆಂದು ಅವನಿಗೆ ಗೊತ್ತಾಯಿತು.

ಆಣಂದ್ ಬಳಿ ಹಳೆಯ ಹೆದ್ದಾರಿಗೆ ಇಳಿದು ಮೆರವಣಿಗೆ ಸಾಗಿತು. ಇಂಜಿನ್ ಇಲ್ಲದ ಕಾರಿನ ಸ್ಟೀರಿಂಗ್ ಒರಳು ತಿರುಗಿಸಿದಂತೆ ಭಾರ. ಟ್ರಾಕ್ಟರುಗಳು ಹಿಂದೆ ಹಾಕಿದವು. ಒಂಟೆಗಾಡಿಯೊಂದು ಬಹಳ ಹೊತ್ತು ಜೊತೆಗೇ ಬಂತು. ಮುಂದಿನ ಕಾರಿನ ಗಾಜಿನಲ್ಲಿ ಮಾವನ ನರೆತ ತಲೆ ಕಾಣುತ್ತಿತ್ತು. ಅದು ಆಗಾಗ ಹರೀಶನ ಕಡೆ ವಾಲಿ ಏನೋ ಹೇಳುತ್ತಿತ್ತು. ಏನು ಹೇಳುತ್ತಿರಬಹುದು ಎಂದು ಊಹಿಸುತ್ತ, ಹೃಷಿಕೇಶ ಬೆಳಗಿನ ಅರ್ಧ ನಿಮಿಷವನ್ನು ನೆನೆದು ಸಂಕಟಪಟ್ಟ.

ಎಂಟು ಹತ್ತು ಕಿಲೋಮೀಟರ್ ಹೋಗಿರಬೇಕು, ಬಿಳಿಯ ಕಾರು ನಿಂತಿತು. ಬಾಗಿಲು ತೆರೆಯಿತು. ಮಾವ ಇಳಿದರು. ಪಂಚೆ ಸರಿಮಾಡಿಕೊಂಡು, ಹಗ್ಗದ ಪಕ್ಕದಲ್ಲೇ ನಡೆದು, ನೆಟ್ಟಗೆ ಹೃಷಿಕೇಶನ ಕಾರಿಗೆ ಬಂದು ಪಕ್ಕದಲ್ಲಿ ಕೂತರು. ಯಾರೂ ಕರೆದಿರಲಿಲ್ಲ. ಯಾರೂ ಬಾಗಿಲು ಹಿಡಿದಿರಲಿಲ್ಲ. ತಾವಾಗಿಯೇ ಬಂದಿದ್ದರು.

ಇಲ್ಲಿಗೆ ಬಂದಾಗ ಹೃಷಿಕೇಶ ಕಥೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ನಮ್ಮನ್ನೆಲ್ಲ ಒಮ್ಮೆ ನೋಡುತ್ತಿದ್ದ. ಆ ನೋಟವನ್ನು ಬರೆಯಲು ಬರುವುದಿಲ್ಲ.

ಅವನು ಮಾವನ ಕಡೆ ತಿರುಗಿದ. "ಮಾವ, ಅಲ್ಲಿ ಎಸಿ ಇತ್ತಲ್ಲ..."

"ಇತ್ತು. ಆದ್ರೆ ಈ ಕಾರು ಈಗ ನನಗೆ ಹಿಡಿಸ್ತು ಕಣ್ರೀ. ಸದ್ದಿಲ್ಲ. ಒಂದು ತೊಟ್ಟು ಪೆಟ್ರೋಲ್ ಬೇಡ. ಹಾಗೇ ಹೋಗ್ತಾ ಇದೆ."

ಹಗ್ಗ ಬಿಗಿಯಾಗಿ ಕಾರು ಮತ್ತೆ ಜರುಗಿತು. ಹರೀಶ್ ಗುಂಡಿಯೊಂದನ್ನು ಬಳಸಿಕೊಂಡು ಹೋದ, ಎರಡೂ ಕಾರು ಅಲುಗದೆ ದಾಟಿದವು. ಮಾವ ಸೀಟಿಗೆ ಒರಗಿ, ತೃಪ್ತಿಯಿಂದ ಮುಂದೆ ನೋಡುತ್ತ, ಹೃಷಿಕೇಶನ ತೊಡೆ ತಟ್ಟಿದರು. ಮದುವೆಯಾಗಿ ಹತ್ತು ವರ್ಷದಲ್ಲಿ ಅದೇ ಮೊದಲು.

"ನಿಮ್ಮ ಕಾರಿಗೆ ಬಂದಿದ್ದು ಒಳ್ಳೇದಾಯ್ತು ಅಳಿಯಂದ್ರೇ," ಎಂದರು. "ಹರೀಶ್ ಎಷ್ಟು ನಾಜೂಕಾಗಿ ಓಡಿಸ್ತಾರೆ ಅನ್ನೋದು ಅವರ ಕಾರಲ್ಲೇ ಕೂತಿದ್ರೆ ಎಲ್ಲಿ ಕಾಣುತ್ತೆ?"