ಸಂದಿಲ್ಲದ ಹದಿನೈದು ಚೆಂಡು

ಮೇಜಿನ ಮೇಲಿನ ಚೆಂಡನ್ನು ಕೋಲಿನಿಂದ ಗುಂಡಿಗೆ ಹೊಡೆಯುವ ನಮ್ಮ ಪೂಲ್ ಆಟಗಾರರ ಸಂಘದ ನಿಯಮಾವಳಿಯ ಏಳನೆಯ ನಿಯಮ ಹೀಗಿದೆ: "ಮೊದಲ ಹೊಡೆತ ಹೊಡೆಯುವ ಆಟಗಾರರು ಹದಿನೈದು ಚೆಂಡುಗಳನ್ನು ತ್ರಿಕೋನದ ಚೌಕಟ್ಟಿನಲ್ಲಿ ತಾವೇ ಜೋಡಿಸಿಕೊಳ್ಳತಕ್ಕದ್ದು." ಹತ್ತೊಂಬತ್ತು ವರ್ಷ ಈ ನಿಯಮದಿಂದ ಯಾರಿಗೂ ಅನ್ಯಾಯವಾಗಿರಲಿಲ್ಲ. ಎಲ್ಲರೂ ಸಮಾನವಾಗಿ ಮೋಸ ಮಾಡುತ್ತಿದ್ದರು.

ಈ ಸಲದ ಫೈನಲ್ ಪಂದ್ಯ ನಡೆಯಲೇ ಇಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಸಂಘದ ಗೌರವ ಕಾರ್ಯದರ್ಶಿಯಾಗಿ ನಾನು ಸ್ಪಷ್ಟಪಡಿಸುವುದೇನೆಂದರೆ, ಪಂದ್ಯ ಆರು ದಿನ ನಡೆಯಿತು. ಇಷ್ಟು ದೀರ್ಘವಾಗಿ, ಇಷ್ಟು ನ್ಯಾಯವಾಗಿ ನಡೆದ ಪಂದ್ಯ ನಮ್ಮ ದಾಖಲೆಯಲ್ಲಿ ಇನ್ನೊಂದಿಲ್ಲ.

ಫೈನಲ್‌ಗೆ ಬಂದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಮೂರು ವರ್ಷದಿಂದ ಕಪ್ ಅವರ ಕ್ಲಿನಿಕ್ಕಿನ ಕಪಾಟಿನಲ್ಲೇ ಇದೆ. ಇನ್ನೊಬ್ಬರು ಬಸ್ಸಿನ ಕಂಡಕ್ಟರಮ್ಮ. ಎರಡು ವರ್ಷ ಒಂದು ದಿನವೂ ರಜೆ ಹಾಕದೆ, ಅಕ್ಕನ ಮಗಳ ಮದುವೆಯಲ್ಲೂ ಊಟ ಮುಗಿಸಿ ಎರಡು ಗಂಟೆಯ ಬಸ್ಸು ಹತ್ತಿ, ಆರು ದಿನದ ರಜೆ ಕೂಡಿಟ್ಟವರು. ಫೈನಲ್‌ಗೆ ಒಂದು ದಿನ. ಮಿಕ್ಕ ಐದು ದಿನ ಕಪ್ ತಗೊಂಡು ಅಮ್ಮನ ಮನೆಗೆ ಹೋಗಿ ಕಣ್ತುಂಬ ನಿದ್ದೆ ಮಾಡುವುದು ಎಂದು ಅವರ ಯೋಜನೆ. ಕಪ್ ಗೆಲ್ಲುವಂಥ ಆಟವೂ ಅವರದಾಗಿತ್ತು. ತುಂಬಿದ ಬಸ್ಸಿನಲ್ಲಿ ಜನರ ನಡುವೆ ನುಗ್ಗಿ ಅಭ್ಯಾಸವಿದ್ದುದರಿಂದ, ಯಾವ ಚೆಂಡು ಯಾವ ಸಂದಿನಲ್ಲಿ ತೂರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊದಲ ದಿನ ಡಾಕ್ಟರು ಚೆಂಡು ಜೋಡಿಸಿದರು, ಹೊಡೆದರು, ಬಲಮೂಲೆಯ ಚೆಂಡು ಗುಂಡಿಗೆ ಬಿತ್ತು. ಚೆಂಡು ಬಿದ್ದವರ ಸರದಿ ಮುಂದುವರಿಯುವುದರಿಂದ ಮಿಕ್ಕವನ್ನೂ ಹಾಕಿ ಆಟ ಗೆದ್ದರು. ಗೆದ್ದವರೇ ಮುಂದಿನ ಆಟ ಆರಂಭಿಸಬೇಕು. ಮತ್ತೆ ಜೋಡಿಸಿದರು, ಹೊಡೆದರು, ಅದೇ ಚೆಂಡು ಅದೇ ಗುಂಡಿಗೆ ಬಿತ್ತು. ನಾಲ್ಕು ಆಟ ಹೀಗೇ ಆಯಿತು. ಕಂಡಕ್ಟರಮ್ಮ ಕೋಲು ಹಿಡಿದುಕೊಂಡು ಕುರ್ಚಿಯಲ್ಲಿ ಕೂತೇ ಇದ್ದರು. ಐದನೆಯ ಸಲ ಎದ್ದು ಬಂದು, ಬಗ್ಗಿ ನೋಡಿ, ಚೀಲದಿಂದ ಒಂದು ಟಿಕೆಟ್ ಹರಿದು ಮುಂದಿನ ಎರಡು ಚೆಂಡುಗಳ ನಡುವೆ ಇಳಿಸಿದರು. ಟಿಕೆಟ್ ಸಲೀಸಾಗಿ ಇಳಿಯಿತು. ಅಲ್ಲಿ ಸಂದು ಬಿಟ್ಟು ಜೋಡಿಸಿದರೆ ಮೂಲೆಯ ಚೆಂಡು ತಪ್ಪದೆ ಗುಂಡಿಗೆ ಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

"ಏನ್ ಡಾಕ್ಟ್ರೇ ಇದು?"

"ಸಂದು," ಎಂದರು ಡಾಕ್ಟರು. "ಸಂದು ಇರಬಾರದು ಅಂತ ನಿಯಮದಲ್ಲಿ ಎಲ್ಲಿದೆ ತೋರ್ಸಮ್ಮ."

ನಾನು ನಿಯಮಾವಳಿ ತೆಗೆದು ನೋಡಿದೆ. ಎಲ್ಲಿಯೂ ಇರಲಿಲ್ಲ. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡೇ "ಸಭೆ ಕರೀರಿ" ಎಂದರು. ನಮ್ಮ ಸಮಿತಿಯವರಿಗೆ ಸಭೆ ಎಂದರೆ ಪ್ರಾಣ. ಸಭೆ ಇದ್ದ ದಿನ ಎದೆಗೆ ಬ್ಯಾಡ್ಜು, ಮೆತ್ತನೆಯ ಕುರ್ಚಿ; ಆಟವಿದ್ದ ದಿನ ಯಾರೂ ತಿರುಗಿ ನೋಡುವುದಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಏಳನೆಯ ನಿಯಮಕ್ಕೆ ತಿದ್ದುಪಡಿ ತಂದೆವು: ಎದುರಾಳಿ ಜೋಡಿಸತಕ್ಕದ್ದು, ಹೊಡೆಯುವವರು ಪರೀಕ್ಷಿಸತಕ್ಕದ್ದು, ಸಂದು ಕಂಡರೆ ಆಕ್ಷೇಪಿಸತಕ್ಕದ್ದು. ಎರಡನೆಯ ದಿನ ಕಂಡಕ್ಟರಮ್ಮ ಚೆಂಡು ಜೋಡಿಸಿದರು. ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು, ಬಾಯೊಳಗೆ ಹಾಕಿ ನೋಡುವ ಪುಟ್ಟ ಕನ್ನಡಿ ಹಿಡಿದು, ಹದಿನೈದು ಚೆಂಡನ್ನೂ ಸುತ್ತಿ ಬಂದರು.

"ಒಳಗಡೆ, ಎಡಗಡೆ ಮೂರನೇದು. ಸ್ವಲ್ಪ ಅಲ್ಲಾಡ್ತಿದೆ."

ಮತ್ತೆ ಜೋಡಿಸಿದರು. ಮತ್ತೆ ಅಲ್ಲಾಡಿತು. ಎಷ್ಟು ಸಲ ಆಕ್ಷೇಪಿಸಬಹುದು ಎಂದು ಬರೆಯಲು ನಾವು ಮರೆತಿದ್ದೆವು. ನಲವತ್ತೊಂದನೆಯ ಆಕ್ಷೇಪಕ್ಕೆ ಹಾಲ್ ಮುಚ್ಚುವ ಹೊತ್ತಾಯಿತು.

"ಸಾರ್, ನನ್ನ ರಜೆ ಹೋಗ್ತಿದೆ," ಎಂದರು ಕಂಡಕ್ಟರಮ್ಮ.

"ನ್ಯಾಯ ಬರ್ತಿದೆಯಲ್ಲಮ್ಮ," ಎಂದೆ.

ಮೂರನೆಯ ದಿನ ತಟಸ್ಥ ಜೋಡಣೆಗಾರರ ಹುದ್ದೆಗೆ ಪ್ರಕಟಣೆ ಹೊರಡಿಸಿದೆವು: "ಅಭ್ಯರ್ಥಿಯು ಇಬ್ಬರೂ ಆಟಗಾರರೊಂದಿಗೆ ಯಾವುದೇ ಸಂಬಂಧ ಹೊಂದಿರಬಾರದು. ಸದರಿ ಡಾಕ್ಟರಲ್ಲಿ ಹಲ್ಲು ಕೀಳಿಸಿರಬಾರದು. ಸದರಿ ಬಸ್ಸಿನಲ್ಲಿ ಪ್ರಯಾಣಿಸಿರಬಾರದು." ಊರಿಗೆ ಇರುವುದು ಒಬ್ಬರೇ ಹಲ್ಲಿನ ಡಾಕ್ಟರು, ಒಂದೇ ಬಸ್ಸು. ಅರ್ಜಿ ಹಾಕಿದ ಅರವತ್ತು ಜನರಲ್ಲಿ ಐವತ್ತೊಂಬತ್ತು ಜನ ಬಾಯಿ ತೆರೆಯುತ್ತಿದ್ದಂತೆ ಅನರ್ಹರಾದರು. ಉಳಿದವರು ಒಬ್ಬ ಗಾರೆ ಮೇಸ್ತ್ರಿ ಅಜ್ಜ. ಅವರಿಗೆ ಒಂದು ಹಲ್ಲೂ ಇರಲಿಲ್ಲ.

"ಯಾರು ಕಿತ್ತಿದ್ದು ಅಜ್ಜ?"

"ಯಾರೂ ಇಲ್ಲ ಸ್ವಾಮಿ. ತಾವಾಗೇ ಬಿದ್ದೋದ್ವು."

"ಬಸ್ಸು?"

"ಕಾಲಿದ್ಯಲ್ಲ."

ಇಷ್ಟು ಶುದ್ಧವಾದ ತಟಸ್ಥತೆಯನ್ನು ಸಮಿತಿ ಹಿಂದೆಂದೂ ಕಂಡಿರಲಿಲ್ಲ. ನೇಮಕಾತಿ ಪತ್ರಕ್ಕೆ ಎಲ್ಲರ ಸಹಿ ಆಗುವಷ್ಟರಲ್ಲಿ ನಾಲ್ಕನೆಯ ದಿನ ಮುಗಿಯಿತು. ಪತ್ರದಲ್ಲಿ ನಾನೇ ಕೈಯಾರೆ ಬರೆದಿದ್ದೆ: "ಚೆಂಡುಗಳ ನಡುವೆ ಕೂದಲೆಳೆಯಷ್ಟೂ ಸಂದು ಉಳಿಯತಕ್ಕದ್ದಲ್ಲ."

ಐದನೆಯ ದಿನ ಅಜ್ಜ ಒಂದು ಬುಟ್ಟಿ, ಕರಣೆ, ನೂಲುಂಡೆ ತಗೊಂಡು ಬಂದರು. ತಟಸ್ಥತೆಗೆ ಭಂಗ ಬರಬಾರದೆಂದು ನಾವೆಲ್ಲ ಹೊರಗೆ ನಿಂತೆವು. ಸಂಜೆ ಬಾಗಿಲು ತೆರೆದಾಗ ಚೆಂಡುಗಳು ಅದ್ಭುತವಾಗಿ ನಿಂತಿದ್ದವು. ಟಿಕೆಟ್ ಇಳಿಯಲಿಲ್ಲ. ಕನ್ನಡಿಗೆ ಏನೂ ಕಾಣಲಿಲ್ಲ. ಇಬ್ಬರೂ ಆಟಗಾರರು ಒಪ್ಪಿಗೆಯ ಸಹಿ ಹಾಕಿದರು. ಆಮೇಲೆ ಅಜ್ಜ ಚೆಂಡುಗಳ ಮೇಲೆ ಒಂದು ಚೊಂಬು ನೀರು ಹಾಕಿದರು.

"ಇದ್ಯಾಕಜ್ಜ?"

"ಬಿಳೀ ಸಿಮೆಂಟು ಸ್ವಾಮಿ. ನೀರು ಕುಡಿದ್ರೇನೇ ಗಟ್ಟಿ ಆಗೋದು. ಸಂದು ಉಳೀಬಾರ್ದು ಅಂದ್ರಲ್ಲ, ಎಲ್ಲ ತುಂಬಿದೀನಿ."

ನಿಯಮದಲ್ಲಿ ಸಿಮೆಂಟ್ ನಿಷೇಧವಿರಲಿಲ್ಲ. ಸಹಿಯೂ ಆಗಿಹೋಗಿತ್ತು.

ಆರನೆಯ ದಿನ ಬೆಳಿಗ್ಗೆ ಡಾಕ್ಟರು ಹೊಡೆದರು. ಬಿಳಿ ಚೆಂಡು ಹೋಗಿ, ಬಡಿದು, ಅವರ ಹತ್ತಿರವೇ ವಾಪಸು ಬಂತು. ಕಂಡಕ್ಟರಮ್ಮ ಹೊಡೆದರು. ಅವರಿಗೂ ವಾಪಸು ಬಂತು. ಮಧ್ಯಾಹ್ನದವರೆಗೆ ಇಬ್ಬರೂ ನೂರೆಂಟು ಸಲ ಹೊಡೆದರು. ಒಬ್ಬರಿಗೆ ಸಿಕ್ಕ ಫಲ ಇನ್ನೊಬ್ಬರಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿರಲಿಲ್ಲ. ಸಮಾನತೆ ಎಂದರೆ ಇದೇ ಎಂದು ಅಧ್ಯಕ್ಷರು ಕಣ್ಣು ತೆರೆದು ಚಪ್ಪಾಳೆ ತಟ್ಟಿದರು.

ಕಂಡಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಅಂಗೈ ಕೆಂಪಾಗಿತ್ತು.

"ಸಾರ್, ನಾಳೆಯಿಂದ ಡ್ಯೂಟಿ. ದಮ್ಮಯ್ಯ, ಪಕ್ಕದ ಟೇಬಲ್ಲಲ್ಲಿ ಆಡ್ಸಿಬಿಡಿ. ಹಳೇ ನಿಯಮದಲ್ಲೇ ಆಗ್ಲಿ. ಅವ್ರೇ ಜೋಡಿಸ್ಕೊಳ್ಳಿ, ಮೋಸಾನೂ ಮಾಡ್ಲಿ. ನಾಲ್ಕು ಆಟ ಅವ್ರದ್ದೇ ಅಂತ ಬರ್ಕೊಳ್ಳಿ. ನಂಗೆ ಒಂದೇ ಒಂದು ಸಲ ಹೊಡೆಯೋಕೆ ಸಿಕ್ರೆ ಸಾಕು, ಗೆಲ್ತೀನಿ."

ಗೆಲ್ಲುತ್ತಿದ್ದರು. ಅದು ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ನಾನು ಪಕ್ಕದ ಟೇಬಲ್ಲಿನ ಕಡೆ ನೋಡಿದೆ. ಆದರೆ ಪಕ್ಕದ ಟೇಬಲ್ಲು ಅಂದಿನ ಕಾರ್ಯಸೂಚಿಯಲ್ಲಿ ಇರಲಿಲ್ಲ.

"ಮೋಸಕ್ಕೆ ಅವಕಾಶ ಕೊಡೋಕಾಗಲ್ಲಮ್ಮ," ಎಂದೆ. "ನೀವೇ ದೂರು ಕೊಟ್ಟವರು."

ಸಂಜೆ ಫಲಿತಾಂಶ ಪ್ರಕಟವಾಯಿತು. ಇಬ್ಬರೂ ಆಟಗಾರರು ಸಮಾನವಾಗಿ ಸೋತಿದ್ದರಿಂದ ಕಪ್ ಮೇಸ್ತ್ರಿ ಅಜ್ಜನಿಗೆ ಸಂದಿತು. ಅದನ್ನು ಅವರು ಬುಟ್ಟಿಯಲ್ಲಿ ಹಾಕಿಕೊಂಡು ನಡೆದುಕೊಂಡೇ ಹೋದರು. ಕಂಡಕ್ಟರಮ್ಮನೂ ಚಪ್ಪಾಳೆ ತಟ್ಟಿದರು.

ಆಮೇಲೆ ಸದಸ್ಯರೇ ಒತ್ತಾಯ ಮಾಡಿ ಉಳಿದ ಮೂರು ಟೇಬಲ್ಲಿನ ಚೆಂಡುಗಳಿಗೂ ಸಿಮೆಂಟ್ ಹಾಕಿಸಿದರು. ಈಗ ಹಾಲ್‌ನಲ್ಲಿ ಜಗಳವಿಲ್ಲ. ಸಂಜೆ ಬರುತ್ತಾರೆ, ಒಂದು ಹೊಡೆತ ಹೊಡೆಯುತ್ತಾರೆ, ಚೆಂಡು ವಾಪಸು ಬರುತ್ತದೆ, ಪರಸ್ಪರ ಕೈಕುಲುಕಿ ಮನೆಗೆ ಹೋಗುತ್ತಾರೆ. ಡಾಕ್ಟರೂ ಬರುತ್ತಾರೆ.

ಮೊನ್ನೆ ಬಸ್ಸು ಹತ್ತಿದಾಗ ಕಂಡಕ್ಟರಮ್ಮ ಟಿಕೆಟ್ ಕೊಡುತ್ತಾ, "ಮುಂದಿನ ವರ್ಷಕ್ಕೆ ನನ್ನ ಹೆಸರು ಬರ್ಕೊಳ್ಳಿ ಸಾರ್," ಎಂದರು.

"ರಜೆ ಕೂಡಿಡೋಕೆ ಶುರು ಮಾಡಿದ್ರಾ?"

"ರಜೆ ಯಾಕೆ ಸಾರ್ ಅದಕ್ಕೆ? ಬಸ್ಸು ನಿಲ್ದಾಣದಲ್ಲಿ ಐದು ನಿಮಿಷ ನಿಲ್ಲತ್ತಲ್ಲ. ಓಡಿ ಬಂದು ಒಂದು ಹೊಡೆದು, ಸೋತು ಬರ್ತೀನಿ. ರಜೆ ಅಮ್ಮನ ಮನೆಗಿರ್ಲಿ."

ಸರಿಯಾದ ಮಾತು ಅನ್ನಿಸಿತು. ಟಿಕೆಟ್ಟಿನ ಹಿಂದೆಯೇ ಅವರ ಹೆಸರು ಬರೆದುಕೊಂಡೆ.