ಅಕ್ಕಿಕಾಳು ಒಗೀಬ್ಯಾಡ್ರಿ!

ನಮ್ಮ ಕಾಕಾನಿಗೆ ಮನುಷ್ಯರೆಂದರೆ ಪಂಚಪ್ರಾಣ; ಆದರೆ ಅವರು ಅಲ್ಲಾಡಬಾರದು, ಅಷ್ಟೆ!

ನಗಬೇಡಿ. ಬೈಲಹೊಂಗಲದಲ್ಲಿ ನಮ್ಮಪ್ಪನ ಈ ತಮ್ಮನದು ಬಟ್ಟೆ ಅಂಗಡಿ. ಊರಿಗೆ ಸಿಡಿ ಪ್ಲೇಯರ್ ಬಂದ ಹೊಸತರಲ್ಲಿ ಅಂಗಡಿಯ ಹಿಂದಿನ ಕೋಣೆಗೆ ಒಂದು ಕಂಪ್ಯೂಟರ್ ತಂದಿಟ್ಟು, ಬಂಧುಬಳಗದ ಮದುವೆಯ ವಿಡಿಯೋ ಕ್ಯಾಸೆಟ್ಟುಗಳನ್ನೆಲ್ಲ ಸಿಡಿ ಮಾಡುವ ಹುಚ್ಚು ಹಿಡಿಸಿಕೊಂಡ. ಮೊದಲ ಬಲಿ ನನ್ನದೇ ಮದುವೆ! ಎಲ್ಲ ಚೆನ್ನಾಗಿಯೇ ಓಡುತ್ತಿತ್ತು. ಅಕ್ಷತೆಯ ಅಕ್ಕಿಕಾಳು ಬಿದ್ದದ್ದೇ ತಡ, ನಾನೂ ನನ್ನ ಹೆಂಡತಿಯೂ ಚೌಕ ಚೌಕವಾಗಿ ಒಡೆದುಹೋದೆವು. ನಮ್ಮಜ್ಜಿ ಕನ್ನಡಕ ಒರೆಸಿಕೊಂಡು ನೋಡಿದಳು.

"ಏನಪಾ ಇದು, ಮದುಮಗ ಹೋಗಿ ನೆಲದ ಫರಸಿ ಕಲ್ಲ ಆದ್ನಲ್ಲೋ!"

ಕಾಕಾ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕಾರಣ ಕಂಡುಹಿಡಿದ. ಸಿಡಿಯಲ್ಲಿ ಜಾಗ ಕಡಿಮೆ. ಸುಮ್ಮನೆ ನಿಂತವರು ಅದರಲ್ಲಿ ಸಲೀಸಾಗಿ ಹಿಡಿಯುತ್ತಾರೆ. ಎಲ್ಲವೂ ಒಮ್ಮೆಗೇ ಅಲ್ಲಾಡಿದರೆ ಚಿತ್ರ ಒಡೆಯುತ್ತದೆ.

"ಮಷಿನ್ದು ಏನೂ ತಪ್ಪಿಲ್ಲೋ. ತಪ್ಪೆಲ್ಲಾ ಮಂದೀದು!"

ಒಂದು ಸಿಡಿಗೆ ಎಷ್ಟು ಕಡಿಮೆ ತುಂಬಿದರೆ ಚಿತ್ರ ಅಷ್ಟು ಸ್ವಚ್ಛ ಎಂಬುದೂ ಗೊತ್ತಾಯಿತು. ಸರಿ, ನಮ್ಮ ಮದುವೆಗೇ ಕತ್ತರಿ ಹಿಡಿದ ನೋಡಿ! ಊಟದ ಪಂಕ್ತಿ ಹೋಯಿತು, ಉಡುಗೊರೆ ಹಿಡಿದು ಆಯೇರಿ ಮಾಡುವವರ ಸಾಲು ಹೋಯಿತು, ಅದರ ಜೊತೆಗೆ ಸವದತ್ತಿಯ ಅತ್ತಿಯೂ ಹೋದಳು. ಅವಳು ಕಾಕಾನ ಸ್ವಂತ ಅಕ್ಕ! ಸಿಡಿ ಮುಗಿಯುವ ತನಕ ತನ್ನನ್ನೇ ಹುಡುಕಿ, ಕೆಂಡವಾಗಿ ಕೇಳಿದಳು:

"ನಾ ಎಲ್ಲಿ ಹೋದ್ನೋ?"

"ಅಕ್ಕಾ, ನಿನ್ನ ತಗದ ಮ್ಯಾಲೇನ ಪಿಕ್ಚರ್ ಸ್ವಚ್ಛ, ಖುಲ್ಲಾ ಆತು ನೋಡು!"

ಆ ವರ್ಷ ಪಂಚಮಿಗೆ ಅತ್ತಿ ತವರಿಗೆ ಬರಲಿಲ್ಲ.

ಇಷ್ಟಾದ ಮೇಲೆ ಕಾಕಾನ ಒಬ್ಬಳೇ ಮಗಳ ಮದುವೆ ರಾಮದುರ್ಗದಲ್ಲಿ ಗೊತ್ತಾಯಿತು. ಇವಳ ಅಕ್ಕಿಕಾಳಾದರೂ ಒಡೆಯದೆ ಬರಬೇಕು, ಅದೊಂದೇ ಅವನ ಹಂಬಲ. ಸೀರೆಯ ಸೆರಗು ಹಾರಾಡುತ್ತದೆಂದು ವೇದಿಕೆಯ ಫ್ಯಾನು ಬಂದ್ ಮಾಡಿಸಿದ. ಸುಡು ಬೇಸಿಗೆಯಲ್ಲಿ! ಮದುಮಗ ತಾಳಿ ಕಟ್ಟುವ ಮೊದಲೇ ಬೆವೆತು ತೊಪ್ಪೆಯಾದ. ಕೊನೆಗೆ ಕಾಕಾ ಮೈಕ್ ಹಿಡಿದ.

"ಎಲ್ಲಾರೂ ದಯಮಾಡಿ ಕೇಳ್ರಿ. ಅಕ್ಕಿಕಾಳು ಒಗೀಬ್ಯಾಡ್ರಿ! ಒಬ್ಬೊಬ್ಬರ ಬಂದು ತಲಿ ಮ್ಯಾಲೆ ಸಾವಕಾಶ ಇಡ್ರಿ!"

"ಏನ್ರೀ ಬೀಗರ, ಇದು ಲಗ್ನಾನೋ, ರೇಷನ್ ಅಂಗಡೀನೋ?" ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಕೂಗಿದರು.

ಮಂಗಳಾಷ್ಟಕ ಮುಗಿಯಿತು, ಬಾಜಾ ಮೊಳಗಿತು. ಮಂದಿಯೆಲ್ಲ ಮುಷ್ಟಿ ಬಿಗಿಹಿಡಿದು ಹಾಗೇ ನಿಂತರು. ಆಗ ವೇದಿಕೆಯಿಂದಲೇ ಒಂದು ಬೊಗಸೆ ಅಕ್ಕಿಕಾಳು ಹಾರಿತು. ಯಾರು ಒಗೆದದ್ದು? ಕಾಕಾ! ಎರಡೂ ಕೈಯಿಂದ ತೂರುತ್ತಿದ್ದಾನೆ! ಇನ್ನು ಮಂದಿ ಬಿಡುತ್ತಾರೆಯೇ?

ಮಗಳ ಗಂಡನ ಮನೆಗೆ ಕಳಿಸಬೇಕಾದ ಸಿಡಿ ತಯಾರಾದ ದಿನ ನಾವಿಬ್ಬರೂ ಕೂತು ನೋಡಿದೆವು. ಉಳಿದದ್ದೆಲ್ಲ ಸ್ವಚ್ಛ. ಆ ಗಳಿಗೆ ಬಂದಾಗ ಮಾತ್ರ ತೆರೆಯ ತುಂಬ ಚೌಕಗಳು. ನಡುವೆ ರುಮಾಲು ಸುತ್ತಿದ ಕಾಕಾ ತುಂಡು ತುಂಡಾಗಿದ್ದ.

"ಕಾಕಾ, ಇಷ್ಟ ತುಣುಕ ಬ್ಯಾರೆ ಸಿಡಿಗೆ ಹಾಕೂಣೇನು? ಖುಲ್ಲಾ ಬರತೈತಿ."

"ಬ್ಯಾಡ," ಎಂದ ಕಾಕಾ, ನನ್ನ ಕಡೆ ನೋಡದೆ. "ಕ್ಯಾಸೆಟ್ಟಿನ್ಯಾಗ ಖುಲ್ಲಾನ ಐತಿ, ನೋಡೇನಿ. ಅದರಾಗ ನಾ ಅಳಾಕತ್ತೇನಿ. ಆಕಿ ಗಂಡನ ಮನ್ಯಾಗ ಕುಂತು ಅದನ್ನ ನೋಡೂದು ಬ್ಯಾಡ."

ಸಿಡಿಯ ಮೇಲೆ ಮಗಳ ಹೆಸರು ಬರೆಯುವಾಗ ಕಾಕಾನ ಕೈ ಅಲ್ಲಾಡುತ್ತಿತ್ತು.