ಹೊಸ ಹಗ್ಗ, ಹಳೇ ಗಿಟಾರ್

ಒಂದೇ ಒಂದು ಇದ್ದರೆ ನನ್ನಷ್ಟು ಧೈರ್ಯವಂತ ಇನ್ನೊಬ್ಬನಿಲ್ಲ. ಎರಡು ಮುಂದಿಟ್ಟು ‘ಯಾವುದು ಬೇಕು’ ಎಂದು ಕೇಳಿದಿರೋ, ಮುಗಿಯಿತು, ಅಂಗೈ ಬೆವರಲು ಶುರು. ಹೋಟೆಲಿನಲ್ಲಿ ‘ಇಡ್ಲಿನಾ, ದೋಸೆನಾ’ ಅಂದರೆ ಪಕ್ಕದ ಮೇಜಿನವರ ತಟ್ಟೆ ನೋಡಿ ‘ಅದೇ ಕೊಡಿ’ ಅನ್ನುತ್ತೇನೆ. ಚೆನ್ನಾಗಿಲ್ಲದಿದ್ದರೆ ಮನಸ್ಸಿನಲ್ಲೇ ಬೈಯಲು ಒಬ್ಬರು ಇರುತ್ತಾರಲ್ಲ, ಅದೊಂದು ಸಮಾಧಾನ. ತಮಾಷೆ ಎಂದರೆ ನನ್ನ ಕಸುಬೇ ಆರಿಸುವುದು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ನಾನು. ಬೆಳಗಿಂದ ಸಂಜೆತನಕ ‘ಇದು ಪಾಸು, ಇದು ರಿಜೆಕ್ಟು’ ಅನ್ನುತ್ತಿರುತ್ತೇನೆ. ಅದು ಅಳತೆಯ ಗೇಜು ಹೇಳುವ ಮಾತು, ಬಾಯಿ ಮಾತ್ರ ನನ್ನದು.

ಭಾನುವಾರ ಬಂದರೆ ಸೆಲ್ವಂ ಅವರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಮದುವೆ ರಿಸೆಪ್ಷನ್ನಿನಲ್ಲಿ ಕನ್ನಡದವರಿಗೆ ಕನ್ನಡ ಹಾಡು, ತಮಿಳರಿಗೆ ತಮಿಳು, ತೆಲುಗರಿಗೆ ತೆಲುಗು. ಊಟಕ್ಕೆ ಎಲೆ ಹಾಕಿದ ಮೇಲೆ ಯಾರಿಗೂ ಯಾವುದೂ ಬೇಡ. ಆದರೂ ವಾರವಿಡೀ ಆಯಿಲ್ ವಾಸನೆಯಲ್ಲಿ ನಿಂತವನಿಗೆ ನಾನೂ ಒಬ್ಬ ಮನುಷ್ಯ ಅನ್ನಿಸುವುದು ಅಲ್ಲೇ. ಅದಕ್ಕೂ ಕುತ್ತು ಬಂತು. ಕೃಷ್ಣಗಿರಿಯಿಂದ ವಾಪಸು ಬರುವಾಗ ವ್ಯಾನು ಹಂಪ್ ಹಾರಿ, ಸ್ಪೀಕರ್ ಪೆಟ್ಟಿಗೆ ಉರುಳಿ, ನನ್ನ ಗಿಟಾರ್ ಹಪ್ಪಳವಾಯಿತು. ಸೆಲ್ವಂ ಅನುಕಂಪ ತೋರಿಸಲಿಲ್ಲ. “ಪಾರುಂಗೋ ಸಾರ್, ಸಂಡೇ ಒಳಗೆ ಗಿಟಾರ್ ಬಂದ್ರೆ ನೀವು. ಇಲ್ಲಾಂದ್ರೆ ಪ್ರಶಾಂತ್ ಕೀಬೋರ್ಡಲ್ಲಿ ಒಂದು ಬಟನ್ ಒತ್ತಿದ್ರೆ ಗಿಟಾರ್ ಸೌಂಡೇ ಬರುತ್ತೆ. ಅಪ್ಪುರಂ ನೀವು ಆಡಿಯನ್ಸಲ್ಲಿ ಕೂತು ಕೇಳಿ.” ಪ್ರಶಾಂತ್ ಆ ಬಟನ್ನನ್ನು ಒಂದು ಸಲ ಒತ್ತಿಯೂ ತೋರಿಸಿದ. ಅವತ್ತು ರಾತ್ರಿ ನನಗೆ ಅನ್ನ ಇಳಿಯಲಿಲ್ಲ.

ಹಳೇ ಹಾಡುಗಳಿಗೆ ಹಾಲೋ ಬಾಡಿ ಗಿಟಾರೇ ಆಗಬೇಕು. ಅದು ಎಲೆಕ್ಟ್ರಿಕ್ಕೇ, ಆದರೆ ಒಳಗೆಲ್ಲ ಟೊಳ್ಳು. ಎದೆಯ ಮೇಲೆ ಪಿಟೀಲಿಗಿರುವಂಥ ಎರಡು ಸೀಳು. ಹುಡುಕಿದರೆ ಸಿಕ್ಕಿದ್ದು ಎರಡು, ನನ್ನ ಗ್ರಹಚಾರ. ಒಂದು ಹೊಸೂರಿನ ಅಂಗಡಿಯಲ್ಲಿ, ಹೊಚ್ಚ ಹೊಸದು, ಕೆಂಪಗೆ ಮದುಮಗಳ ಹಾಗೆ. ಇನ್ನೊಂದು ರಾಯಕೋಟೆಯ ಆರೋಗ್ಯಸ್ವಾಮಿ ಎಂಬ ಹಿರಿಯರ ಮನೆಯಲ್ಲಿ. ಹೊಸದರಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ, ಅದಕ್ಕೇ ಅನುಮಾನ ಬಂತು. ಹಳೆಯದರಲ್ಲಿ ಬರೀ ಗೀರು, ಆದರೆ ತಂತಿ ಮೀಟಿದರೆ ಕೆಳಗಿಡಲು ಮನಸ್ಸೇ ಬರುತ್ತಿರಲಿಲ್ಲ. ಅದಕ್ಕೂ ಅನುಮಾನ ಬಂತು.

ಗುರುವಾರ ಹೊಸದು ಅಂದೆ, ಶುಕ್ರವಾರ ಹಳೆಯದು ಅಂದೆ, ಶನಿವಾರ ಬೆಳಗ್ಗೆ ಮತ್ತೆ ಹೊಸದು ಅನ್ನುವಷ್ಟರಲ್ಲಿ ನನ್ನ ಹೆಂಡತಿ ಶಾರದೆಗೆ ತಾಳ್ಮೆ ಹೋಯಿತು. “ಅಯ್ಯೋ ನಿಮ್ಮ! ಅಪ್ಪನ್ನ ಕರ್ಕೊಂಡೋಗಿ. ಅವ್ರು ಆರ್ಸಿ ತಂದ ಎತ್ತು ಒಂದಾದ್ರೂ ನೊಗದಡಿ ಮಲಗಿದ್ದುಂಟಾ?” ಎಂದು ಗುಮ್ಮಳಾಪುರಕ್ಕೆ ಫೋನ್ ಹಚ್ಚಿಯೇಬಿಟ್ಟಳು. ನನ್ನನ್ನು ಅಳಿಯನೆಂದು ಆರಿಸಿದವರೂ ಅವರೇ ಆದ್ದರಿಂದ ನಾನು ಅವರ ಆಯ್ಕೆಯನ್ನು ಪ್ರಶ್ನಿಸುವ ಹಾಗಿರಲಿಲ್ಲ.

ಮಾವ ಬಂದರು. ಹೆಗಲ ಮೇಲೆ ಮಡಿಕೆ ಬಿಚ್ಚದ ಹೊಸ ಟವಲು, ಕೈಯಲ್ಲಿ ಹೊಸ ಹಗ್ಗ. “ಹಗ್ಗ ಯಾಕೆ ಮಾವ?” ಅಂದೆ. “ಬರಿಗೈಲಿ ಹೋಗಿ ಯಾರಾದ್ರೂ ಹೊಡ್ಕೊಂಬತ್ತಾರೇನಪ್ಪ?” ಅಂದರು. ಅಂಗಡಿಯಲ್ಲಿ ಕೆಂಪು ಗಿಟಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದು ನೊಗ ಕಂಡಿಲ್ದಿರೋ ಕರ. ಸಂತೇಲಿ ನೆಟ್ಟಗೆ ನಿಂತ್ಕತದೆ, ಹೊಲಕ್ಕೋದ್ರೆ ಮಲಿಕ್ಕತದೆ” ಎಂದು ತೀರ್ಪು ಕೊಟ್ಟರು. ಅಂಗಡಿಯವನು ಗ್ಯಾರಂಟಿ ಇದೆ ಸಾರ್ ಎಂದು ಕೂಗುತ್ತಿದ್ದಂತೆ ನಾವು ರಾಯಕೋಟೆ ಬಸ್ಸು ಹತ್ತಿದ್ದೆವು.

ಆರೋಗ್ಯಸ್ವಾಮಿಯವರು ಚರ್ಚಿನಲ್ಲಿ ನುಡಿಸುತ್ತಿದ್ದವರು. ಈಗ ಬೆರಳು ಮಡಿಸಲು ಬರುವುದಿಲ್ಲ. ಮಾವ ಗಿಟಾರಿನ ಬೆನ್ನು ಸವರಿದರು, ಹೊಟ್ಟೆ ತಟ್ಟಿದರು, ಸೀಳಿನೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರು. “ನಡ್ಸಿ ತೋರ್ಸಪ್ಪ” ಎಂದು ನನ್ನ ಕೈಗಿಟ್ಟರು. ಅಲ್ಲಿದ್ದ ಪುಟ್ಟ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೆಲ್ಲಗೆ ನುಡಿಸಿದೆ. ಅಷ್ಟರಲ್ಲಿ ಆರೋಗ್ಯಸ್ವಾಮಿಯವರ ಫೋನು ಬಡಿದುಕೊಂಡಿತು. ಕೃಷ್ಣಗಿರಿಯಿಂದ ಇನ್ನೊಬ್ಬ ಗಿರಾಕಿ, ಬಸ್ಸಿಳಿದಿದ್ದೇನೆ, ಬರುತ್ತಿದ್ದೇನೆ ಅನ್ನುತ್ತಿದ್ದಾನೆ! ಹೂಂ ಅನ್ನಲೋ, ಬೇಡ ಅನ್ನಲೋ? ಗೇಟು ಕಿರ್ರೆಂದಿತು. “ನೀವೇ ಹೇಳ್ಬಿಡಿ ಮಾವ!” ಎಂದು ಕೂಗಿದೆ. “ತಗೋ ಅತ್ಲಾಗೆ, ಹಳೇ ಎತ್ತು ದಾರಿ ತಪ್ಪಲ್ಲ” ಅಂದರು ಮಾವ. ಅಬ್ಬಾ, ಎಂಥ ನಿರಾಳ! ಹೆಚ್ಚುಕಮ್ಮಿಯಾದರೆ ಬೈಯಲು ಒಬ್ಬರು ಸಿಕ್ಕರಲ್ಲ.

ಹೊರಡುವಾಗ ಮಾವ ಗಿಟಾರನ್ನು ಕೊರಳಿಗೆ ನೇತುಹಾಕುವ ಚರ್ಮದ ಪಟ್ಟಿ ಬಿಚ್ಚಿ ವಾಪಸು ಕೊಟ್ಟರು. “ದನ ಕೊಟ್ರೂ ಹಗ್ಗ ಕೊಡ್ಬಾರ್ದು ಸಾಮಿ. ಹಗ್ಗ ಹೋದ್ರೆ ಮನೆ ಲಕ್ಷ್ಮಿ ಹಿಂದೇನೇ ಹೋಗ್ತಾಳೆ.” ಲಕ್ಷ್ಮಿಯ ವಿಷಯ ಆರೋಗ್ಯಸ್ವಾಮಿಯವರಿಗೆ ಎಷ್ಟು ನಾಟಿತೋ ಕಾಣೆ. ಬೆವರು ಕುಡಿದು ಕಪ್ಪಾಗಿದ್ದ ಆ ಪಟ್ಟಿಯನ್ನು ಮಡಿಸಲಾಗದ ಬೆರಳುಗಳಿಂದಲೇ ಎದೆಗೊತ್ತಿಕೊಂಡರು. “ಇದೊಂದು ಇರಲಿ ಅಂತ ಕೇಳೋಣಾಂತಿದ್ದೆ. ಬಾಯಿ ಬರಲಿಲ್ಲ” ಅಂದರು. ನನಗೂ ಕಣ್ಣು ಮಂಜಾಯಿತು. ಮಾವ ಮಾತ್ರ ಗಿಟಾರಿಗೆ ತಮ್ಮ ಹೊಸ ಹಗ್ಗ ಬಿಗಿಯುವುದರಲ್ಲಿದ್ದರು.

ಭಾನುವಾರದ ರಿಸೆಪ್ಷನ್ನಿಗೆ ಬೇರೆ ಪಟ್ಟಿ ಕೊಳ್ಳೋಣವೆಂದರೆ ಮಾವ ಬಿಡಲಿಲ್ಲ, ಶಾಸ್ತ್ರವಂತೆ. ಎತ್ತಿನ ಹಗ್ಗ ಕೊರಳಿಗೆ ಹಾಕಿಕೊಂಡೇ ವೇದಿಕೆ ಹತ್ತಿದೆ. ಶಾರದೆ, ಮಾವ ಮೊದಲ ಸಾಲಿನಲ್ಲೇ ಕೂತಿದ್ದರು. ಸೆಲ್ವಂ ಕೈ ಎತ್ತಿದರು, ನಾನು ತಂತಿ ಮೀಟಿದೆ. ಗುಂಯ್‌ಯ್‌ಯ್! ಟೊಳ್ಳು ಗಿಟಾರಿಗೆ ಅದೊಂದು ರೋಗ, ದೊಡ್ಡ ಸ್ಪೀಕರಿನ ಸದ್ದು ಹೊಟ್ಟೆಗೆ ಹೊಕ್ಕರೆ ಊಳಿಡುತ್ತದೆ. ಆರೋಗ್ಯಸ್ವಾಮಿಯವರ ಪುಟ್ಟ ಆಂಪ್ಲಿಫೈಯರಿನಲ್ಲಿ ಅದು ಎಲ್ಲಿ ಗೊತ್ತಾಗಬೇಕು? ಮದುಮಗಳು ಕಿವಿ ಮುಚ್ಚಿಕೊಂಡಳು. ಸೆಲ್ವಂ ಮುಖ ಸುಟ್ಟ ಬದನೆಕಾಯಿ. ಪ್ರಶಾಂತನ ಬೆರಳು ಆ ಬಟನ್ನಿನ ಮೇಲೆ ನಿಂತಿತ್ತು. ಹಾಳಾದ ಮಾವ, ಹಾಳಾದ ಅವರ ಎತ್ತು ಎಂದು ಹಲ್ಲು ಕಡಿದೆ. “ಹಸ್ಕೊಂಡದೆ ಕಣಪ್ಪಾ!” ಎಂದು ಮಾವ ಎಲ್ಲರಿಗೂ ಕೇಳುವಂತೆ ಕೂಗಿದರು.

ಆ ಹೊತ್ತಿನಲ್ಲಿ ನನಗೆ ಏನು ಬಂತೋ. ಕೆಳಕ್ಕೆ ಬಗ್ಗಿ ಮಾವನ ಹೆಗಲ ಮೇಲಿನ ಟವಲು ಕಿತ್ತುಕೊಂಡೆ, ಪರ್ರನೆ ಎರಡಾಗಿ ಹರಿದೆ, ಗಿಟಾರಿನ ಎದೆಯ ಸೀಳಿಗೊಂದರಂತೆ ತುರುಕಿದೆ. ಊಳು ನಿಂತಿತು. ಮತ್ತೆ ಮೀಟಿದೆ. ಏನು ಹೇಳಲಿ, ಜೇನು! ಎಲೆಯ ಮುಂದೆ ಕೂತವರೂ ಕೈ ನಿಲ್ಲಿಸಿ ಇತ್ತ ತಿರುಗಿದರು. ಪ್ರಶಾಂತ್ ಬೆರಳು ಹಿಂದಕ್ಕೆ ತೆಗೆದ.

ಕಾರ್ಯಕ್ರಮ ಮುಗಿದ ಮೇಲೆ ಸೆಲ್ವಂ ಬಂದು ನನ್ನ ಕೈ ಕುಲುಕಿದರು. “ಸೂಪರ್ ಸೌಂಡ್ ಸಾರ್! ಯಾರು ಸೆಲೆಕ್ಷನ್?”

ಜೀವಮಾನದಲ್ಲಿ ಮೊದಲ ಸಲ ನಾನು ಒಂದು ಕ್ಷಣವೂ ತಡವರಿಸಲಿಲ್ಲ. “ನಂದೇ” ಅಂದೆ.

ತಿರುಗಿ ನೋಡಿದರೆ ಬರಿ ಹೆಗಲ ಮಾವ ಹಿಂದೆಯೇ ನಿಂತಿದ್ದರು. ಮಗಳ ಕಡೆ ತಿರುಗಿ, “ಆರ್ಸೋದ್ರಾಗೆ ನಾನು ಮೋಸ ಹೋಗಿದ್ದು ಒಂದೇ ಸಲ ಕಣಮ್ಮಿ” ಅಂದರು.

“ಯಾವ ಎತ್ತಪ್ಪಾ?” ಎಂದು ಶಾರದೆ ಕೇಳಿದಳು.

ಅವರು ನನ್ನನ್ನೇ ನೋಡುತ್ತಿದ್ದರು. ಹಗ್ಗ ಇನ್ನೂ ನನ್ನ ಕೊರಳಲ್ಲೇ ಇತ್ತು.